ಸ್ಟೆಪ್ಸ್ ಪರ್ ಎಂಎಂ: ಪೆನ್ ಪ್ಲಾಟರ್‌ನಲ್ಲಿ ಸುಮ್ಮಸುಮ್ಮನೆ ಬೈಸಿಕೊಳ್ಳುವ ಸಂಖ್ಯೆ

ಪೆನ್ ಪ್ಲಾಟರ್ ಎಂದರೆ ಕಂಪ್ಯೂಟರ್ ಹೇಳಿದಂತೆ ಮೋಟರ್‌ಗಳಿಂದ ಪೆನ್ನು ಸರಿಸಿ ಚಿತ್ರ ಬರೆಯುವ ಯಂತ್ರ. ಅದರ ಪೆನ್ನು ಒಂದು ಮಿಲಿಮೀಟರ್ ಸರಿಯಬೇಕಾದರೆ ಮೋಟರಿಗೆ ಎಷ್ಟು ಪಲ್ಸ್ (ವಿದ್ಯುತ್ ಮಿಡಿತ) ಕಳಿಸಬೇಕು? ಆ ಲೆಕ್ಕವೇ ಸ್ಟೆಪ್ಸ್ ಪರ್ ಎಂಎಂ. ಕಂಟ್ರೋಲರ್ ಬೋರ್ಡಿಗೆ ಮಿಲಿಮೀಟರ್ ಗೊತ್ತಿಲ್ಲ, ಪೆನ್ನು ನಿಜಕ್ಕೂ ಎಲ್ಲಿದೆ ಎಂಬುದೂ ಗೊತ್ತಿಲ್ಲ. ಅದಕ್ಕೆ ಬರುವುದು ಪಲ್ಸ್ ಎಣಿಸುವುದೊಂದೇ. ಅದರಿಂದಾಗಿ ಚಿತ್ರ ಚಿಕ್ಕದಾದರೂ, ವೃತ್ತ ಸೊಟ್ಟಗಾದರೂ ಮೊದಲು ಕೈಹೋಗುವುದು ಈ ಸಂಖ್ಯೆಯ ಮೇಲೆ. ಆದರೆ ಇದು ಸರಿಪಡಿಸಬಲ್ಲದ್ದು ಒಂದೇ ಬಗೆಯ ತಪ್ಪನ್ನು: ದೂರ ಹೆಚ್ಚಿದಂತೆ ಅದೇ ಪ್ರಮಾಣದಲ್ಲಿ ಹೆಚ್ಚುವ ತಪ್ಪನ್ನು. ಉಳಿದ ತಪ್ಪುಗಳಿಗೆ ಇದನ್ನು ತಿರುಚಿದರೆ ಒಂದಿದ್ದ ದೋಷ ಎರಡಾಗುತ್ತದೆ.

ಲೆಕ್ಕ ಸರಳ. ಸಾಮಾನ್ಯ ನೆಮಾ 17 ಗಾತ್ರದ ಸ್ಟೆಪ್ಪರ್ ಮೋಟರ್ (ಹೆಜ್ಜೆಹೆಜ್ಜೆಯಾಗಿ ತಿರುಗುವ ಮೋಟರ್) ಹೆಜ್ಜೆಗೆ 1.8 ಡಿಗ್ರಿ ತಿರುಗುತ್ತದೆ, ಅಂದರೆ ಸುತ್ತಿಗೆ 200 ಹೆಜ್ಜೆ. ಮೋಟರಿಗೆ ಕರೆಂಟ್ ಕೊಡುವ ಡ್ರೈವರ್ ಚಿಪ್ ಒಂದೊಂದು ಹೆಜ್ಜೆಯನ್ನೂ 16 ಭಾಗ ಮಾಡಿದರೆ ಸುತ್ತಿಗೆ 3200 ಪಲ್ಸ್. ಜಿಟಿ2 ಬೆಲ್ಟಿನ ಹಲ್ಲುಗಳ ನಡುವಿನ ಅಂತರ 2 ಮಿ.ಮೀ.; 20 ಹಲ್ಲಿನ ಪುಲ್ಲಿ ಒಂದು ಸುತ್ತಿಗೆ 40 ಮಿ.ಮೀ. ಬೆಲ್ಟ್ ಎಳೆಯುತ್ತದೆ. 3200ನ್ನು 40ರಿಂದ ಭಾಗಿಸಿದರೆ 80. ಆಕ್ಸಿಡ್ರಾ ಪ್ಲಾಟರ್‌ನ ರೆಸಲ್ಯೂಷನ್ ಇಂಚಿಗೆ 2032 ಹೆಜ್ಜೆ ಎಂದಿರುವುದೂ ಇದೇ 80, ಇಂಚಿನ ಲೆಕ್ಕದಲ್ಲಿ. ಬೆಲ್ಟಿನ ಬದಲು ಟಿ8 ಸ್ಕ್ರೂ ಇದ್ದರೆ ಗಮನಿಸಿ: ಅದರ ಎಳೆಗಳ ಅಂತರ 2 ಮಿ.ಮೀ. ಆದರೂ ಹೆಚ್ಚಾಗಿ ಸಿಗುವ ನಾಲ್ಕೆಳೆಯ ಸ್ಕ್ರೂ ಸುತ್ತಿಗೆ 8 ಮಿ.ಮೀ. ಸರಿಯುತ್ತದೆ. ಆಗ ಬರಬೇಕಾದ್ದು 400, 1600 ಅಲ್ಲ.

ಈ ಸಂಖ್ಯೆ ಹೋಗುವುದು ಬೋರ್ಡಿನೊಳಗಿನ ತಂತ್ರಾಂಶಕ್ಕೆ; ಜಿಆರ್‌ಬಿಎಲ್, ಮಾರ್ಲಿನ್, ಫ್ಲೂಯಿಡ್‌ಎನ್‌ಸಿ ಅಂಥವು. ಜಿಆರ್‌ಬಿಎಲ್‌ನಲ್ಲಿ ಅದನ್ನು $100 (ಎಕ್ಸ್) ಮತ್ತು $101 (ವೈ) ಸೆಟ್ಟಿಂಗ್‌ಗಳಲ್ಲಿ ಬರೆಯಬೇಕು. ಮಾರ್ಲಿನ್‌ನಲ್ಲಿ ಎಂ92 ಕೊಟ್ಟು, ಮರೆಯದೆ ಎಂ500ರಿಂದ ಉಳಿಸಬೇಕು; ಇಲ್ಲದಿದ್ದರೆ ಬೋರ್ಡ್ ರೀಸೆಟ್ ಆದೊಡನೆ ಹಳೆಯ ಸಂಖ್ಯೆ ಮರಳುತ್ತದೆ. ಫ್ಲೂಯಿಡ್‌ಎನ್‌ಸಿಯಲ್ಲಿ ಇದು ಕಾನ್ಫಿಗ್ ಫೈಲಿನೊಳಗಿನ ಒಂದು ಸಾಲು.

ಇನ್ನು ಪರೀಕ್ಷೆ. ಚಿತ್ರದ ಫೈಲ್ ಕಳಿಸಿ ಅಳೆಯಬೇಡಿ, ಕೈಯಾರೆ ಟೈಪ್ ಮಾಡಿದ ಆಜ್ಞೆಯಿಂದಲೇ ಅಳೆಯಿರಿ. ಜಿ21 ಮತ್ತು ಜಿ91 ಕೊಟ್ಟು ಮಿಲಿಮೀಟರ್ ಹಾಗೂ ಸಾಪೇಕ್ಷ ಚಲನೆಗೆ ಬನ್ನಿ. ಮೊದಲು 10 ಮಿ.ಮೀ. ಮುಂದಕ್ಕೆ ಸರಿಸಿ, ಬೆಲ್ಟಿನ ಸಡಿಲವೆಲ್ಲ ಒಂದೇ ಕಡೆಗೆ ಎಳೆದುಕೊಳ್ಳಲಿ. ಅಲ್ಲಿ ಪೆನ್ನಿಳಿಸಿ ಚುಕ್ಕೆ ಇಡಿ, ಅದೇ ದಿಕ್ಕಿಗೆ 200 ಮಿ.ಮೀ. ಸರಿಸಿ ಇನ್ನೊಂದು ಚುಕ್ಕೆ ಇಡಿ. ಸ್ಟೀಲ್ ಸ್ಕೇಲಿನ ತುದಿ ಸವೆದಿರಬಹುದು, 10ರ ಗೆರೆಯಿಂದ ಅಳೆಯಿರಿ. ಕಣ್ಣಳತೆಯಲ್ಲಿ ಕಾಲು ಮಿಲಿಮೀಟರ್ ಆಚೀಚೆ ಆಗುವುದು ಸಹಜ. 200ರಲ್ಲಿ ಅದು ಶೇ. 0.125, ಆದರೆ 20ರಲ್ಲಿ ಶೇ. 1.25. ಚಿಕ್ಕ ಚೌಕ ಬರೆದು ಅಳೆದು ಸಂಖ್ಯೆ ತಿದ್ದುವವರು ತಮ್ಮ ಕಣ್ಣಿನ ತಪ್ಪನ್ನೇ ಯಂತ್ರಕ್ಕೆ ಕಲಿಸುತ್ತಿರುತ್ತಾರೆ.

ಫಲಿತಾಂಶ ಅಚ್ಚುಕಟ್ಟಾದ ಅನುಪಾತವಾಗಿದ್ದರೆ ಯಾವುದೋ ಬಿಡಿಭಾಗವನ್ನು ತಪ್ಪಾಗಿ ಗುರುತಿಸಿದ್ದೀರಿ ಎಂದರ್ಥ. 80 ಎಂದು ಸೆಟ್ ಮಾಡಿ 100 ಮಿ.ಮೀ. ಕೇಳಿದಾಗ 80 ಮಿ.ಮೀ. ಬಂತೇ? ಪುಲ್ಲಿಗೆ 16 ಹಲ್ಲು, ಬೇಕಾದ್ದು 100. ಸರಿಯಾಗಿ 50 ಬಂತೇ? ಒಂದೋ 0.9 ಡಿಗ್ರಿಯ ಮೋಟರ್, ಇಲ್ಲವೇ ಎ4988 ಡ್ರೈವರ್ ಎಂದುಕೊಂಡು ಡಿಆರ್‌ವಿ8825 ಹಾಕಿದ್ದೀರಿ. ಎಷ್ಟು ಭಾಗ ಎಂದು ಆರಿಸುವ ಮೂರೂ ಜಂಪರ್ (ಪಿನ್‌ಗಳನ್ನು ಜೋಡಿಸುವ ಪುಟ್ಟ ಕೊಂಡಿ) ಹಾಕಿದಾಗ ಮೊದಲಿನದು 16 ಭಾಗ ಮಾಡಿದರೆ ಎರಡನೆಯದು 32 ಮಾಡುತ್ತದೆ. 200 ಬಂದರೆ ಡ್ರೈವರ್ 8 ಭಾಗವಷ್ಟೇ ಮಾಡುತ್ತಿದೆ: ಎ4988ರ ಮೂರನೆಯ ಜಂಪರ್ ಕೂತಿಲ್ಲ, ಅಥವಾ ಟಿಎಂಸಿ2208 ಡ್ರೈವರಿಗೆ ಜಂಪರೇ ಹಾಕಿಲ್ಲ. 312.5 ಬಂದರಂತೂ ಜಿಆರ್‌ಬಿಎಲ್‌ನ ಮೂಲ ಸೆಟ್ಟಿಂಗ್ 250ನ್ನು ಯಾರೂ ಮುಟ್ಟಿಯೇ ಇಲ್ಲ. ಎ4988ರ ಜಂಪರ್‌ಗಳೆಲ್ಲ ಬಿಟ್ಟುಹೋಗಿದ್ದರೆ 16 ಪಟ್ಟು ದೂರ, ಪೆನ್ನು ಹೊತ್ತ ಗಾಡಿ ನೇರ ಹೋಗಿ ಚೌಕಟ್ಟಿಗೆ ಗುದ್ದುತ್ತದೆ. ಹೊಸ ಯಂತ್ರಕ್ಕೆ ಮೊದಲ ಆಜ್ಞೆ 5 ಮಿ.ಮೀ. ಮೀರದಿರುವುದು ಒಳ್ಳೆಯದು.

ಕೈಯಾರೆ ಕೊಟ್ಟ 100 ಸರಿಯಾಗಿ ಬಂದು, ಚಿತ್ರದ ಫೈಲ್ ಮಾತ್ರ ತಪ್ಪು ಗಾತ್ರದಲ್ಲಿ ಬಂದರೆ ಯಂತ್ರ ನಿರಪರಾಧಿ. ಚಿತ್ರ ಬರೆಯುವ ತಂತ್ರಾಂಶ ಇಂಕ್‌ಸ್ಕೇಪ್‌ನ 0.92ಕ್ಕಿಂತ ಹಿಂದಿನ ಆವೃತ್ತಿಗಳು ಇಂಚಿಗೆ 90 ಪಿಕ್ಸೆಲ್ ಎಣಿಸುತ್ತಿದ್ದವು, ನಂತರದವು 96 ಎಣಿಸುತ್ತವೆ. ಆ ಹಳೆಯ ಫೈಲ್ ಹೊಸ ಲೆಕ್ಕದಲ್ಲಿ ಶೇ. 93.75 ಗಾತ್ರಕ್ಕೆ ಇಳಿಯುತ್ತದೆ. 72ರ ಲೆಕ್ಕದ ಫೈಲಾದರೆ ಶೇ. 75ಕ್ಕೆ. 25.4 ಪಟ್ಟು ವ್ಯತ್ಯಾಸ ಕಂಡರೆ ಇಂಚು ಮಿಲಿಮೀಟರ್‌ಗಳ ಗೊಂದಲ ಎಂದು ಹೇಳಬೇಕಾಗಿಯೇ ಇಲ್ಲ.

ಕಷ್ಟವಿರುವುದು 200 ಕೇಳಿದಾಗ 199.6 ಬರುವಂಥ ಪ್ರಕರಣಗಳಲ್ಲಿ. ಆಗ ಪೆನ್ನು ಎತ್ತದೆ ಹೋಗಿ ಹಿಂತಿರುಗುವ 20, 100 ಮತ್ತು 200 ಮಿ.ಮೀ. ಚೌಕಗಳನ್ನು ಬರೆಸಿ. ಕೊರತೆ ಮೂರರಲ್ಲೂ 0.4ರಷ್ಟೇ ಇದ್ದರೆ ಅದು ಬ್ಯಾಕ್‌ಲ್ಯಾಶ್, ದಿಕ್ಕು ಬದಲಾದಾಗ ಸಡಿಲದಲ್ಲಿ ಕಳೆದುಹೋಗುವ ದೂರ. ವೃತ್ತ ಬರೆಸಿದರೆ ಗೊತ್ತಾಗಿಬಿಡುತ್ತದೆ: ಗಡಿಯಾರದ 3, 6, 9, 12ರ ಜಾಗಗಳಲ್ಲಿ, ಅಂದರೆ ಒಂದೊಂದು ಅಕ್ಷ ದಿಕ್ಕು ಬದಲಿಸುವಲ್ಲಿ, ಗೆರೆ ಚಪ್ಪಟೆಯಾಗಿರುತ್ತದೆ ಅಥವಾ ಕಚ್ಚು ಬಿದ್ದಿರುತ್ತದೆ. ಎಕ್ಸ್, ವೈ ಸಂಖ್ಯೆಗಳಲ್ಲಿ ಒಂದು ತಪ್ಪಿದ್ದರೆ ಬರುವುದು ನುಣುಪಾದ ಅಂಡಾಕಾರ. ಬ್ಯಾಕ್‌ಲ್ಯಾಶ್ ಕಂಡರೆ ಮೊದಲು ಪೆನ್ ಹೋಲ್ಡರ್ ಅಲುಗಾಡಿಸಿ ನೋಡಿ, ಆಮೇಲೆ ಪುಲ್ಲಿಯ ಗ್ರಬ್ ಸ್ಕ್ರೂ ಮೋಟರ್ ಶಾಫ್ಟಿನ ಚಪ್ಪಟೆ ಮುಖದ ಮೇಲೆ ಕೂತಿದೆಯೇ ನೋಡಿ, ಕೊನೆಗೆ ಬೆಲ್ಟಿನ ಬಿಗಿ.

ಚಿತ್ರದ ನಡುವೆ ಒಮ್ಮೆ ಜರುಗಿ, ಅಲ್ಲಿಂದ ಮುಂದಿನದೆಲ್ಲ ಅಷ್ಟೇ ದೂರ ಪಕ್ಕಕ್ಕೆ ಹೋಗಿದ್ದರೆ ಹೆಜ್ಜೆ ತಪ್ಪಿದೆ. ವೇಗೋತ್ಕರ್ಷ ($120, $121) ತಗ್ಗಿಸಿ, ಡ್ರೈವರಿನ ಕರೆಂಟ್ ನೋಡಿ, ಗಾಡಿಗೆ ಕೇಬಲ್ ಅಡ್ಡ ಬರುತ್ತಿಲ್ಲ ತಾನೇ ನೋಡಿ. ಬದಿಗಳ ಅಳತೆ ಸರಿಯಿದ್ದು 200ರ ಚೌಕದ ಎರಡು ಕರ್ಣಗಳು 282.8ಕ್ಕೆ ಒಂದು ಹೆಚ್ಚು, ಒಂದು ಕಡಿಮೆ ಬಂದರೆ ಚೌಕಟ್ಟು ಮೂಲೆಮಟ್ಟದಲ್ಲಿಲ್ಲ. ಬೆಲ್ಟ್ ಹಳಿಗೆ ಸಮಾಂತರವಾಗಿಲ್ಲದಿದ್ದರೆ ತಪ್ಪು ಗಾಡಿ ನಿಂತ ಜಾಗಕ್ಕೆ ತಕ್ಕಂತೆ ಬದಲಾಗುತ್ತದೆ. ಇವು ಯಾವುವೂ ಸಂಖ್ಯೆ ತಿದ್ದಿದರೆ ಹೋಗುವಂಥವಲ್ಲ.

ನಿಜವಾಗಿಯೂ ಪ್ರಮಾಣದ ತಪ್ಪಾದರೆ ಹಳೆಯ ಸಂಖ್ಯೆಯನ್ನು ಕೇಳಿದ ದೂರದಿಂದ ಗುಣಿಸಿ, ಬಂದ ದೂರದಿಂದ ಭಾಗಿಸಿ. 80 ಇದ್ದಾಗ 200ಕ್ಕೆ 198.6 ಬಂದರೆ ಹೊಸದು 80.56. ಆದರೆ ಹಲ್ಲಿನ ಬೆಲ್ಟ್ ಇರುವ ಯಂತ್ರದಲ್ಲಿ ಲೆಕ್ಕದಿಂದ ಬಂದ 80ನ್ನೇ ನಂಬಿ, ಇಷ್ಟು ವ್ಯತ್ಯಾಸಕ್ಕೆ ಕಾರಣವನ್ನು ಬೇರೆಡೆ ಹುಡುಕುವುದೇ ಮೇಲು. ಹಲ್ಲುಗಳ ಎಣಿಕೆ ಸುಳ್ಳು ಹೇಳುವುದಿಲ್ಲ. ಅಳೆದು ತಿದ್ದುವುದು ನಿಜಕ್ಕೂ ಬೇಕಾಗುವುದು ದಾರ ಸುತ್ತುವ ಉರುಳೆ ಮತ್ತು ರಬ್ಬರ್ ಚಕ್ರಗಳಿಗೆ.

ಕೋರ್‌ಎಕ್ಸ್‌ವೈ ಜೋಡಣೆಯಲ್ಲೂ ಸಂಖ್ಯೆ ಅದೇ 80. ಅಲ್ಲಿ ಎರಡೂ ಮೋಟರ್ ಸೇರಿ ಒಂದೊಂದು ಅಕ್ಷವನ್ನು ನಡೆಸುವುದರಿಂದ, ಒಂದು ಡ್ರೈವರಿನ ಜಂಪರ್ ಮಾತ್ರ ತಪ್ಪಿದರೆ ಅಡ್ಡಗೆರೆ ಓರೆಯಾಗುತ್ತದೆ. ಗೋಡೆಗೆ ತೂಗುವ ಪೋಲಾರ್‌ಗ್ರಾಫ್‌ನಲ್ಲಿ ಸಂಖ್ಯೆ ಹೇಳುವುದು ಎಕ್ಸ್ ವೈಗಳನ್ನಲ್ಲ, ಎರಡು ದಾರಗಳ ಉದ್ದವನ್ನು. ತಪ್ಪಿದ್ದರೆ ಅಡ್ಡಗೆರೆ ಬಿಲ್ಲಿನಂತೆ ಬಾಗುತ್ತದೆ. ಮೋಟರ್‌ಗಳ ನಡುವಿನ ಅಂತರ ಅಥವಾ ಹೋಮ್ ಬಿಂದು (ಪೆನ್ನು ಹೊರಡುವ ಜಾಗ) ತಪ್ಪಿದ್ದರೂ ಬಾಗುತ್ತದೆ, ಅವೆರಡನ್ನೂ ಮೊದಲು ಅಳೆಯಿರಿ. ದಾರ ಉರುಳೆಯ ಮೇಲೆ ಪದರಪದರವಾಗಿ ಸುತ್ತಿಕೊಂಡರೆ ವ್ಯಾಸವೇ ಬದಲಾಗಿ ಯಾವ ಸಂಖ್ಯೆಯೂ ನಿಲ್ಲುವುದಿಲ್ಲ. ಹಲ್ಲಿನ ಬೆಲ್ಟ್ ಅಥವಾ ಮಣಿಸರಪಳಿ ಹಾಕಿ.

ನೆಲದ ಮೇಲೆ ಓಡಾಡಿ ಬರೆಯುವ ಪುಟ್ಟ ಆಮೆ ರೋಬೋಟ್‌ಗಳಲ್ಲಿ 28ಬಿವೈಜೆ-48 ಮೋಟರ್ ಹೆಚ್ಚು. ಅದರ ಗೇರ್ ಅನುಪಾತವನ್ನು 64 ಎಂದು ಹಿಡಿದು ಸುತ್ತಿಗೆ 2048 ಹೆಜ್ಜೆ ಎನ್ನುವುದು ರೂಢಿ. ಹಲ್ಲುಗಳನ್ನು ಎಣಿಸಿದರೆ ಹಲವು ಮೋಟರ್‌ಗಳಲ್ಲಿ ಅದು 63.684, ಅಂದರೆ ಸುಮಾರು 2038 ಹೆಜ್ಜೆ. ವ್ಯತ್ಯಾಸ ಅರ್ಧ ಶೇಕಡಾ ಆದರೂ ಪೂರ್ತಿ ಒಂದು ಸುತ್ತು ತಿರುಗಿದಾಗ 1.8 ಡಿಗ್ರಿ ಹೆಚ್ಚು, ಚೌಕ ಮುಚ್ಚುವುದಿಲ್ಲ. ಮೊದಲು 500 ಮಿ.ಮೀ. ನೇರ ಓಡಿಸಿ ಚಕ್ರದ ಲೆಕ್ಕ ಸರಿಮಾಡಿಕೊಳ್ಳಿ. ಆಮೇಲೆ ನಿಂತಲ್ಲೇ ಹತ್ತು ಸುತ್ತು ತಿರುಗಿಸಿ: ಚಕ್ರಗಳ ನಡುವಿನ ಅಂತರಕ್ಕೆ ಕೊಟ್ಟ ಸಂಖ್ಯೆಯನ್ನು ಕೇಳಿದ ಕೋನದಿಂದ ಗುಣಿಸಿ, ತಿರುಗಿದ ಕೋನದಿಂದ ಭಾಗಿಸಿ. ಈ ಕ್ರಮ ತಿರುವುಮುರುವಾದರೆ ಒಂದರ ತಪ್ಪು ಇನ್ನೊಂದರಲ್ಲಿ ಅಡಗಿ ಕೂರುತ್ತದೆ.

ಸಂಖ್ಯೆ ದೊಡ್ಡದಾದಷ್ಟೂ ಗೆರೆ ನಯವಾಗುತ್ತದೆಂದು 32 ಭಾಗಕ್ಕೆ ಹೋಗುವವರಿದ್ದಾರೆ. 80ರಲ್ಲೇ ಒಂದು ಪಲ್ಸ್ ಎಂದರೆ 0.0125 ಮಿ.ಮೀ., ಪೆನ್ನಿನ ಗೆರೆಯೋ 0.3ರಿಂದ 0.5 ಮಿ.ಮೀ. ದಪ್ಪ. ಆರ್ಡುಯಿನೊ ಊನೋ ಬೋರ್ಡಿನ ಮೇಲೆ ಜಿಆರ್‌ಬಿಎಲ್ ಸೆಕೆಂಡಿಗೆ ಸುಮಾರು 30,000 ಪಲ್ಸ್ ಕೊಡಬಲ್ಲದು: 80ರಲ್ಲಿ ಸೆಕೆಂಡಿಗೆ 375 ಮಿ.ಮೀ., 160ರಲ್ಲಿ 187. ಪೆನ್ನೆತ್ತಿದ ಖಾಲಿ ಓಟದ ವೇಗ ಅರ್ಧವಾಗುತ್ತದೆ, ಕಾಗದದ ಮೇಲೆ ವ್ಯತ್ಯಾಸ ಕಾಣುವುದಿಲ್ಲ.