ಫ್ಯಾನ್ ನಿಂತ ಮೇಲೆ ಕೇಳಿಸಿದ ತಂಬೂರಿ

ಜನವರಿಯೆಂದರೆ ಕೊಡಗಿನಲ್ಲಿ ಕಾಫಿ ಕುಯ್ಲಿನ ಕಾಲ. ಹಗಲೆಲ್ಲ ಪಲ್ಪರ್ ಯಂತ್ರದ ಸದ್ದು, ಕಣದಲ್ಲಿ ಹಣ್ಣು ಹರಡುವವರ ಮಾತು. ರಾತ್ರಿ ಎಂಟರ ನಂತರ ಮಡಿಕೇರಿಯಾಚೆಯ ನಮ್ಮ ತೋಟದ ಮನೆಯಲ್ಲಿ ಇಳಿಯುವ ನಿಶ್ಶಬ್ದ ಎಷ್ಟು ಗಾಢವೆಂದರೆ, ಪಕ್ಕದ ಕೋಣೆಯ ಗೋಡೆ ಗಡಿಯಾರದ ಟಿಕ್ ಟಿಕ್ ಇಲ್ಲಿಗೆ ಕೇಳಿಸುತ್ತದೆ. ಅಂಥ ಒಂದು ರಾತ್ರಿ ಕಂಪ್ಯೂಟರಿನಲ್ಲಿ ಗಾಯನದ ಧ್ವನಿಮುದ್ರಣವೊಂದನ್ನು ಹಾಕಿದ್ದೆ. ಹಾಡು ಶುರುವಾಗುವ ಮೊದಲು ಹತ್ತು ಸೆಕೆಂಡು ಬರೀ ತಂಬೂರಿ. ಆ ತಂಬೂರಿಯ ಜೊತೆಗೆ ಮತ್ತೊಂದು ಶ್ರುತಿಯೂ ಸೇರಿಕೊಂಡಿತ್ತು: ಕ್ಯಾಬಿನೆಟ್ಟಿನೊಳಗಿನ ಫ್ಯಾನಿನದು.

ಮರುದಿನ ಇದನ್ನು ನೆರೆಯ ತೋಟದ ಹಿರಿಯರಿಗೆ ಹೇಳಿದೆ. ತಂದೆಯ ಕಾಲದ ಸ್ನೇಹಿತರು, ನಾನು ಮಾವ ಎಂದೇ ಕರೆಯುತ್ತೇನೆ. ಅವರು ಒಂದು ಯುಎಸ್‌ಬಿ ಕೇಬಲ್ ತೋರಿಸಿದರು. ಹೊಳೆಯುವ ಹೆಣಿಗೆಯ ಹೊದಿಕೆ, ಚಿನ್ನದ ಲೇಪವಿರುವ ತುದಿ, ಬೆಲೆ ಕೂಲಿಯಾಳಿನ ಒಂದು ತಿಂಗಳ ಸಂಬಳದಷ್ಟು. "ಇದನ್ನು ಹಾಕಿ ನೋಡು, ಧ್ವನಿಗೆ ಮಾಧುರ್ಯ ಬರುತ್ತದೆ" ಎಂದರು. ನನಗೆ ಸಿಟ್ಟು ಬಂದದ್ದು ಅವರ ಮೇಲಲ್ಲ, ಅವರಿಗೆ ಅದನ್ನು ಮಾರಿದ ನಂಬಿಕೆಯ ಮೇಲೆ. ಯುಎಸ್‌ಬಿ ತಂತಿಯಲ್ಲಿ ಹರಿಯುವುದು ಸಂಗೀತವಲ್ಲ, ಸೊನ್ನೆ ಮತ್ತು ಒಂದರ ಸಾಲುಗಳು. ಪ್ರತಿಯೊಂದು ಸಾಲಿಗೂ ತಪ್ಪು ಪತ್ತೆ ಹಚ್ಚುವ ಲೆಕ್ಕವೊಂದು ಅಂಟಿಕೊಂಡೇ ಬರುತ್ತದೆ. ಕೇಬಲ್ ಕೆಟ್ಟಿದ್ದರೆ ಟಪ್ ಎಂಬ ಸದ್ದು ಬರುತ್ತದೆ, ಇಲ್ಲವೇ ಹಾಡು ಕ್ಷಣಕಾಲ ಕಡಿದುಹೋಗುತ್ತದೆ. ಸೊನ್ನೆಯನ್ನು ಹೆಚ್ಚು ಮಧುರವಾದ ಸೊನ್ನೆಯನ್ನಾಗಿ ಮಾಡುವ ಲೋಹ ಭೂಮಿಯ ಮೇಲಿಲ್ಲ. ತಾಯತಕ್ಕೂ ಇಂಥ ಕೇಬಲ್ಲಿಗೂ ನಡುವೆ ನನಗೆ ವ್ಯತ್ಯಾಸ ಕಾಣುವುದಿಲ್ಲ. ಎರಡರಲ್ಲೂ ಕೊಟ್ಟ ದುಡ್ಡೇ ಫಲವನ್ನು ನಂಬಿಸುತ್ತದೆ.

ಒಳ್ಳೆಯ ಧ್ವನಿಗೆ ಬೇಕಾದದ್ದು ಕೋಣೆಯ ಮೌನ. ಇದಕ್ಕೊಂದು ಸರಳ ಲೆಕ್ಕವಿದೆ. 1982ರಲ್ಲಿ ಮಾರುಕಟ್ಟೆಗೆ ಬಂದ ಸಿ.ಡಿ.ಯಲ್ಲಿ ಪ್ರತಿ ಮಾದರಿಗೆ (ಕ್ಷಣಕ್ಷಣಕ್ಕೂ ಅಳೆದಿಟ್ಟ ಸದ್ದಿನ ಒಂದೊಂದು ಅಳತೆಗೆ) 16 ಬಿಟ್, ಎಂದರೆ ಸೊನ್ನೆ-ಒಂದುಗಳ 16 ಸ್ಥಾನ, ಮೀಸಲು. ಒಂದು ಬಿಟ್‌ಗೆ 6 ಡೆಸಿಬಲ್‌ನಂತೆ ಅತಿ ಮೆಲುದನಿಗೂ ಅತಿ ಜೋರಿಗೂ ನಡುವೆ 96 ಡೆಸಿಬಲ್ ಅಂತರ ಸಿಗುತ್ತದೆ. ಈಗ ಕೇಳುವ ಕೋಣೆಗೆ ಬನ್ನಿ. ಕಂಪ್ಯೂಟರಿನ ಗೊರಗೊರ ಸೇರಿ ಹಿನ್ನೆಲೆಯ ಸದ್ದು 40 ಡೆಸಿಬಲ್ ಇದೆ, ಸಂಗೀತದ ಅತಿ ಜೋರಾದ ಘಟ್ಟವನ್ನು 90ಕ್ಕೆ ಇಟ್ಟಿದ್ದೀರಿ ಎಂದುಕೊಳ್ಳಿ. ನಡುವೆ ಉಳಿದದ್ದು 50 ಡೆಸಿಬಲ್, ಎಂದರೆ ಎಂಟು ಬಿಟ್‌ಗಿಂತ ತುಸು ಹೆಚ್ಚು. ಹದಿನಾರರಲ್ಲಿ ಅರ್ಧವನ್ನು ಫ್ಯಾನು ತಿಂದಿತು! ಹೀಗಿರುವಾಗ 144 ಡೆಸಿಬಲ್ ಅಂತರದ 24 ಬಿಟ್ ಕಡತಗಳನ್ನು ದುಡ್ಡು ಕೊಟ್ಟು ಇಳಿಸಿಕೊಂಡು ಏನು ಬಂತು? ಅದೇ ಕೋಣೆಯ ಸದ್ದನ್ನು 20ಕ್ಕೆ ಇಳಿಸಿದರೆ ಹಳೆಯ ಸಿ.ಡಿ.ಯೇ ಮೂರು ಬಿಟ್‌ಗೂ ಹೆಚ್ಚಿನ ಸಂಗೀತವನ್ನು ಹೊಸದಾಗಿ ಕೊಡುತ್ತದೆ. ನಮ್ಮ ಕಿವಿ ಗದ್ದಲದ ಅಡಿಯಿಂದಲೂ ಕೆಲವು ಸ್ವರಗಳನ್ನು ಹೆಕ್ಕಿಕೊಳ್ಳಬಲ್ಲದು, ಆದ್ದರಿಂದ ಲೆಕ್ಕ ಇಷ್ಟು ಕಟ್ಟುನಿಟ್ಟಲ್ಲ. ಆದರೂ ಅದು ತೋರಿಸುವ ದಿಕ್ಕು ಸರಿಯಾಗಿದೆ. ಆ ಕಿವಿಯಾದರೂ ಎಂಥದು! ವಾತಾವರಣದ ಒತ್ತಡದ 500 ಕೋಟಿಯಲ್ಲಿ ಒಂದು ಪಾಲಿನಷ್ಟು ಏರಿಳಿತವನ್ನೂ ಗುರುತಿಸುವ ಸಾಧನ ಅದು.

ತಂಬೂರಿಯನ್ನೇ ಉದಾಹರಣೆಯಾಗಿ ಹಿಡಿದದ್ದಕ್ಕೆ ಕಾರಣವಿದೆ. ಬೆಳಕಿನ ಚದುರಿಕೆಗೆ ನೊಬೆಲ್ ಪಡೆಯುವುದಕ್ಕೆ ಸುಮಾರು ಒಂದು ದಶಕ ಮೊದಲು ಸಿ.ವಿ. ರಾಮನ್ ಕಲ್ಕತ್ತೆಯಲ್ಲಿ ನಮ್ಮ ವಾದ್ಯಗಳ ಬೆನ್ನು ಹತ್ತಿದ್ದರು. ಮೃದಂಗದ ನಡುವಿನ ಕಪ್ಪು ಲೇಪವಾದ ಕರಣೆ ಚರ್ಮದ ಒರಟು ಸದ್ದನ್ನು ಶ್ರುತಿಬದ್ಧ ಸ್ವರಗಳನ್ನಾಗಿ ಹೇಗೆ ಪಳಗಿಸುತ್ತದೆ ಎಂಬುದರ ಬಗ್ಗೆ 1920ರಲ್ಲಿ ಸಹೋದ್ಯೋಗಿಯೊಂದಿಗೆ ಬರೆದರು. 1921ರಲ್ಲಿ ತಂಬೂರಿ ಮತ್ತು ವೀಣೆಗೆ ಬಂದರು. ತಂತಿಯನ್ನು ಯಾವ ಬಿಂದುವಿನಲ್ಲಿ ಮೀಟುತ್ತೇವೋ ಅಲ್ಲಿ ಅಲುಗಾಡದೆ ನಿಲ್ಲುವ ಉಪಸ್ವರಗಳು (ಮೂಲಸ್ವರದ ಜೊತೆಗೆ ಹುಟ್ಟುವ ಮೇಲಿನ ಸ್ವರಗಳು) ಕೇಳಿಸಬಾರದು ಎನ್ನುವುದು ವಿಜ್ಞಾನಿಗಳಾದ ಯಂಗ್ ಮತ್ತು ಹೆಲ್ಮ್‌ಹೋಲ್ಟ್ಸ್ ಹೇಳಿದ ನಿಯಮ. ತಂಬೂರಿ ಆ ನಿಯಮವನ್ನು ಮೀರುತ್ತದೆ ಎಂದು ರಾಮನ್ ತೋರಿಸಿದರು. ತಂತಿಗಳನ್ನು ಹೊರುವ ಬಾಗಿದ ಅಗಲವಾದ ಕುದುರೆ, ಅದರ ಮೇಲೆ ತಂತಿಯ ಕೆಳಗೆ ಸೇರಿಸಿದ ನೂಲಿನ ಎಳೆ ಇವೆರಡೂ ಸೇರಿ ಇಲ್ಲದಿರಬೇಕಾದ ಸ್ವರಗಳನ್ನು ಹುಟ್ಟಿಸುತ್ತವೆ. ತಂಬೂರಿಯ ಝೇಂಕಾರ ಎಂದರೆ ಈ ಉಪಸ್ವರಗಳ ಹಿಂಡೇ. ಮೀಟಿದ ಮೇಲೆ ಒಂದೊಂದಾಗಿ ಅರಳಿ ಒಂದೊಂದಾಗಿ ಆರುವ ಅವುಗಳ ಕೊನೆಯ ಎಳೆಗಳು ಬಹಳ ಸಣ್ಣವು, ಫ್ಯಾನಿನ ಸದ್ದು ಮೊದಲು ನುಂಗುವುದೂ ಅವುಗಳನ್ನೇ.

ಆದ್ದರಿಂದ ಸದ್ದಿಲ್ಲದ ಕಂಪ್ಯೂಟರನ್ನು ನಾನೇ ಕಟ್ಟಲು ಕುಳಿತೆ. ಮೊದಲು ಅರಿವಾದದ್ದು, ಈ ಸಮಸ್ಯೆಯ ಬೇರು ಸದ್ದಿನಲ್ಲಿಲ್ಲ, ಶಾಖದಲ್ಲಿದೆ ಎಂಬುದು. ಕಂಪ್ಯೂಟರಿಗೆ ಊಡಿಸಿದ ಪ್ರತಿಯೊಂದು ವ್ಯಾಟ್ ವಿದ್ಯುತ್ತೂ ಕೊನೆಗೆ ಶಾಖವಾಗಿಯೇ ಹೊರಬೀಳಬೇಕು. ಆ ಶಾಖವನ್ನು ಹೊರಗೆ ಹಾಕುವ ಅವಸರವೇ ಸದ್ದು. 65 ವ್ಯಾಟ್‌ನ ಪ್ರೊಸೆಸರ್ ತಂದು ಅದನ್ನು ಸುಮ್ಮನಿರಿಸಲು ಹೆಣಗುವುದಕ್ಕಿಂತ 6 ವ್ಯಾಟ್‌ನ ಇಂಟೆಲ್ ಎನ್100 ತಂದರೆ ಅರ್ಧ ಕೆಲಸ ಮುಗಿಯಿತು. ಗುಣ ಕೆಡದಂತೆ ಹಾಡನ್ನು ಕುಗ್ಗಿಸಿಟ್ಟ ಫ್ಲ್ಯಾಕ್ ಕಡತವನ್ನು ಬಿಚ್ಚಿ ಹಾಡಿಸುವುದು ಇಂದಿನ ಯಾವ ಪ್ರೊಸೆಸರಿಗೂ ಶ್ರಮವೇ ಅಲ್ಲ. ಸಿನಿಮಾ ಬಿಚ್ಚಲು ಪ್ರೊಸೆಸರ್ ಚಿಪ್ಪಿನೊಳಗೇ ಪ್ರತ್ಯೇಕ ಭಾಗವಿರುತ್ತದೆ, ಗ್ರಾಫಿಕ್ಸ್ ಕಾರ್ಡ್ ಬೇಕಾಗಿಲ್ಲ. ಕೊಡಗಿನ ಹವೆ ಇಲ್ಲಿ ನಮ್ಮ ಪಕ್ಷ. ಪ್ರತಿ ವ್ಯಾಟ್‌ಗೆ 3 ಡಿಗ್ರಿ ಬಿಸಿಯೇರುವ ಕ್ಯಾಬಿನೆಟ್ಟಿನಲ್ಲಿ 10 ವ್ಯಾಟ್ ಉರಿಸಿದರೆ ಚಿಪ್ ಕೋಣೆಗಿಂತ 30 ಡಿಗ್ರಿ ಹೆಚ್ಚು ಬಿಸಿಯಾಗುತ್ತದೆ. ಕೋಣೆಯೇ 22 ಡಿಗ್ರಿ ಇರುವಾಗ ಅದು 52ರಲ್ಲಿ ನಿಲ್ಲುತ್ತದೆ. ಬಯಲುಸೀಮೆಯ ಏಪ್ರಿಲ್‌ನಲ್ಲಿ ಇಷ್ಟು ನೆಮ್ಮದಿ ಇರುವುದಿಲ್ಲ.

ಚಿಪ್ಪಿನ ಶಾಖವನ್ನು ಕ್ಯಾಬಿನೆಟ್ಟಿನ ಹೊರಗೋಡೆಯ ಅಲ್ಯೂಮಿನಿಯಂ ರೆಕ್ಕೆಗಳವರೆಗೆ ಸಾಗಿಸುವುದು ಹೀಟ್ ಪೈಪ್. ಪೆನ್ಸಿಲ್ ಗಾತ್ರದ ಈ ತಾಮ್ರದ ಕೊಳವೆಯ ಬಗ್ಗೆ ನಾನು ಎಷ್ಟು ಹೇಳಿದರೂ ಸಾಲದು. ಒಳಗಿನ ಗಾಳಿಯನ್ನು ಹೀರಿ ತೆಗೆದು, ತುಸುವೇ ನೀರು ಸೇರಿಸಿ, ಎರಡೂ ತುದಿಗಳನ್ನು ಬೆಸೆದಿರುತ್ತಾರೆ. ಗಾಳಿಯ ಒತ್ತಡ ಕಡಿಮೆಯಾದಷ್ಟೂ ನೀರು ಬೇಗ ಕುದಿಯುತ್ತದೆ. ಸಮುದ್ರಮಟ್ಟದಿಂದ ಸುಮಾರು 1150 ಮೀಟರ್ ಎತ್ತರದ ಮಡಿಕೇರಿಯಲ್ಲಿ ಅದು 96 ಡಿಗ್ರಿಯ ಆಸುಪಾಸಿನಲ್ಲೇ ಕುದಿಯುವುದು ಈ ಕಾರಣಕ್ಕೆ. ಗಾಳಿಯೇ ಇಲ್ಲದ ಕೊಳವೆಯಲ್ಲಿ ಕೋಣೆಯ ತಾಪದ ತುಸು ಮೇಲೆಯೇ ನೀರು ಆವಿಯಾಗತೊಡಗುತ್ತದೆ. ಚಿಪ್ಪಿನ ಬದಿಯಲ್ಲಿ ಆವಿಯಾಗಿ, ತಣ್ಣಗಿನ ತುದಿಗೆ ಧಾವಿಸಿ, ಅಲ್ಲಿ ಹನಿಯಾಗಿ, ಒಳಗೋಡೆಯ ಬತ್ತಿಯಂಥ ಪದರದ ಮೂಲಕ ಮರಳಿ ಬರುತ್ತದೆ. ಒಂದು ಗ್ರಾಂ ನೀರನ್ನು ಒಂದು ಡಿಗ್ರಿ ಬಿಸಿ ಮಾಡಲು 4.2 ಜೂಲ್ ಸಾಕು, ಅದೇ ಗ್ರಾಂ ಆವಿಯಾಗಲು 2,200 ಜೂಲ್‌ಗಿಂತ ಹೆಚ್ಚು ಬೇಕು. ಇಷ್ಟನ್ನೂ ಹೊತ್ತುಕೊಂಡು ಹೋಗಿ ಆಚೆ ತುದಿಯಲ್ಲಿ ಸುರಿಯುತ್ತದೆ.

ನಮ್ಮ ಮುಂಗಾರೂ ಇದೇ ಯಂತ್ರ. ಅರಬ್ಬಿ ಸಮುದ್ರದಲ್ಲಿ ಬಿಸಿಲು ಹೀರಿ ಎದ್ದ ಆವಿ ಪಶ್ಚಿಮ ಘಟ್ಟಕ್ಕೆ ತಾಗಿ ತಣಿದು, ಹೊತ್ತು ತಂದ ಶಾಖವನ್ನು ಮೇಲಿನ ಗಾಳಿಗೆ ಬಿಟ್ಟು ಮಳೆಯಾಗುತ್ತದೆ. ಕೊಡಗಿನಿಂದ ಪಶ್ಚಿಮಕ್ಕೆ ಹರಿಯುವ ಬರಪೊಳೆಯಂಥ ನದಿ ಆ ನೀರನ್ನು ಮರಳಿ ಅದೇ ಕಡಲಿಗೆ ಮುಟ್ಟಿಸುತ್ತದೆ. ಕೊಳವೆಯೊಳಗಿನ ಬತ್ತಿ ನಮ್ಮ ಬರಪೊಳೆ. ಇನ್ನೂ ಹತ್ತಿರದ ಚಿತ್ರ ಬೇಕಿದ್ದರೆ, ಕಡಂಬಿಟ್ಟು ಬೇಯುವ ಪಾತ್ರೆಯ ಮುಚ್ಚಳವನ್ನು ನೋಡಿ. ಒಲೆಯ ಶಾಖ ಆವಿಯಾಗಿ ಏರಿ ಮುಚ್ಚಳವನ್ನು ಸುಡುತ್ತದೆ, ಹನಿಗಳು ಮತ್ತೆ ಕೆಳಗೆ ತೊಟ್ಟಿಕ್ಕುತ್ತವೆ. 1944ರಲ್ಲೇ ರಿಚರ್ಡ್ ಗಾಗ್ಲರ್ ಎಂಬ ಅಮೆರಿಕದ ಎಂಜಿನಿಯರ್‌ಗೆ ಈ ತತ್ವಕ್ಕೆ ಪೇಟೆಂಟ್ ಸಿಕ್ಕಿತ್ತು, ಆದರೆ ಯಾರೂ ಗಮನಿಸಲಿಲ್ಲ. 1963ರಲ್ಲಿ ಲಾಸ್ ಅಲಮೋಸ್‌ನ ಜಾರ್ಜ್ ಗ್ರೋವರ್, ಬಾಹ್ಯಾಕಾಶದಲ್ಲಿ ಬಳಸುವ ಪರಮಾಣು ವಿದ್ಯುತ್ ಸಾಧನಗಳಿಗಾಗಿ ಅದನ್ನು ಸ್ವತಂತ್ರವಾಗಿ ಮತ್ತೆ ಕಂಡುಹಿಡಿದರು. ಅದೇ ಕೊಳವೆ ಇಂದು ನನ್ನ ಹಾಡಿನ ಪೆಟ್ಟಿಗೆಯಲ್ಲಿದೆ ಎಂದು ನೆನೆದಾಗಲೆಲ್ಲ ಖುಷಿಯಾಗುತ್ತದೆ.

ಫ್ಯಾನ್ ಬೇಕೇ ಬೇಕು ಎನ್ನುವವರು ದೊಡ್ಡದನ್ನು ಹಾಕಿ ನಿಧಾನವಾಗಿ ತಿರುಗಿಸಬೇಕು. ಫ್ಯಾನ್ ತಳ್ಳುವ ಗಾಳಿ ವೇಗಕ್ಕೆ ನೇರ ಅನುಪಾತದಲ್ಲಿ ಏರಿದರೆ, ಅದು ಹುಟ್ಟಿಸುವ ಸದ್ದಿನ ಶಕ್ತಿ ವೇಗದ ಸುಮಾರು ಐದನೇ ಘಾತದಲ್ಲಿ ಏರುತ್ತದೆ. ವೇಗ ಅರ್ಧವಾದರೆ ಗಾಳಿ ಅರ್ಧ, ಸದ್ದಿನ ಶಕ್ತಿ ಮಾತ್ರ 32ರಲ್ಲಿ ಒಂದು ಪಾಲು, ಎಂದರೆ 15 ಡೆಸಿಬಲ್ ಇಳಿಕೆ. ಇಂಥ ಘಾತಗಳ ಮೂಲ ಅರಸಿದರೆ 1952ಕ್ಕೆ ಹೋಗಬೇಕು. ಜೆಟ್ ವಿಮಾನಗಳ ಆರ್ಭಟ ಎಲ್ಲರನ್ನೂ ಕಾಡುತ್ತಿದ್ದ ಆ ಕಾಲದಲ್ಲಿ ಇಂಗ್ಲೆಂಡಿನ ಗಣಿತಜ್ಞ ಜೇಮ್ಸ್ ಲೈಟ್‌ಹಿಲ್, ಗೋಡೆಯಾಗಲಿ ರೆಕ್ಕೆಯಾಗಲಿ ತಾಗದೆ ಚಿಮ್ಮುವ ಗಾಳಿಯ ಸದ್ದು ವೇಗದ ಎಂಟನೇ ಘಾತದಲ್ಲಿ ಬೆಳೆಯುತ್ತದೆ ಎಂದು ಕಾಗದದ ಮೇಲೆ ಸಾಧಿಸಿದರು. ಘನವಸ್ತುವಿಗೆ ಗಾಳಿ ಬಡಿಯುವಾಗ ಅದು ಆರನೇ ಘಾತವೆಂದು 1955ರಲ್ಲಿ ಕರ್ಲ್ ಎಂಬ ಸಂಶೋಧಕರು ತೋರಿಸಿದರು. ಫ್ಯಾನಿನ ಐದನೇ ಘಾತ ಅಳತೆಗಳಿಂದ ಕಂಡುಕೊಂಡದ್ದು.

ಕಾವೇರಿ ದುಬಾರೆಯಲ್ಲಿ ಅಗಲವಾಗಿ ಹರಿಯುವಾಗ ದಡದಲ್ಲಿ ಕುಳಿತವರ ಪಿಸುಮಾತೂ ಕೇಳಿಸುತ್ತದೆ. ಅದಕ್ಕಿಂತ ಎಷ್ಟೋ ಕಡಿಮೆ ನೀರಿನ ಅಬ್ಬಿ ಜಲಪಾತದ ಎದುರು ನಿಂತರೆ ಕೂಗಿ ಮಾತಾಡಬೇಕು. ಗದ್ದಲ ಮಾಡುವುದು ನೀರಿನ ಮೊತ್ತವಲ್ಲ, ಅದರ ಅವಸರ. ಮೊರದಲ್ಲಿ ಭತ್ತ ಕೇರುವವರ ಕೈಯ ನಿಧಾನದ ಬೀಸಿಗೆ ಎಷ್ಟೊಂದು ಹೊಟ್ಟು ಹಾರುತ್ತದೆ, ಸದ್ದು ಮಾತ್ರ ಇಲ್ಲ. ಅದೇ ಗಾಳಿಯನ್ನು ಊದುಗೊಳವೆಯ ಕಿಂಡಿಯಲ್ಲಿ ನುಗ್ಗಿಸಿದರೆ ಬುಸುಗುಟ್ಟುತ್ತದೆ. ಅಂಕಿಗಳಲ್ಲಿ ಹೇಳುವುದಾದರೆ, 80 ಮಿ.ಮೀ. ಫ್ಯಾನ್ ನಿಮಿಷಕ್ಕೆ 2400 ಸುತ್ತು ತಿರುಗಿ ತಳ್ಳುವ ಗಾಳಿಯನ್ನು ಅದೇ ಆಕಾರದ 140 ಮಿ.ಮೀ. ಫ್ಯಾನ್ ಸುಮಾರು 450 ಸುತ್ತಿನಲ್ಲೇ ತಳ್ಳುತ್ತದೆ. ರೆಕ್ಕೆಯ ತುದಿಯ ವೇಗ ಸೆಕೆಂಡಿಗೆ 10 ಮೀಟರ್‌ನಿಂದ 3.3ಕ್ಕೆ ಇಳಿಯುತ್ತದೆ. ದೊಡ್ಡ ಗಾತ್ರದಿಂದಾಗುವ ನಷ್ಟವನ್ನು ಕಳೆದರೂ ಲೆಕ್ಕದ ಪ್ರಕಾರ 19 ಡೆಸಿಬಲ್ ಲಾಭ.

ಹಾರ್ಡ್ ಡಿಸ್ಕನ್ನು ಕೋಣೆಯಿಂದಲೇ ಹೊರಗೆ ಹಾಕಿ. ನಿಮಿಷಕ್ಕೆ 7200 ಸುತ್ತು ಎಂದರೆ ಸೆಕೆಂಡಿಗೆ 120. ಬೀಟೆ ಮರದ ಹಳೆಯ ಕಪಾಟಿನ ಮೇಲೆ ಅದನ್ನಿಟ್ಟರೆ ಕಪಾಟೇ ವೀಣೆಯ ಕೊಡವಾಗಿ 120 ಹರ್ಟ್ಸ್‌ನಲ್ಲಿ ಗುಂಯ್‌ಗುಡುತ್ತದೆ. ನನ್ನ ಹಾಡುಗಳಿರುವ ಡಿಸ್ಕ್ ಉಗ್ರಾಣದಲ್ಲಿದೆ, ನೆಟ್‌ವರ್ಕ್ ತಂತಿ ಅಲ್ಲಿಂದ ಇಲ್ಲಿಗೆ ಬರುತ್ತದೆ, ಪೆಟ್ಟಿಗೆಯೊಳಗೆ ತಿರುಗುವ ಭಾಗವಿಲ್ಲದ ಎಸ್‌ಎಸ್‌ಡಿ ಮಾತ್ರ. ಹಾಡು, ಸಿನಿಮಾ ಹಾಕುವ ತಂತ್ರಾಂಶ ಕೋಡಿ (Kodi). ಬೇರೆ ಸದ್ದುಗಳೊಂದಿಗೆ ಬೆರೆಸದೆ, ಮಾದರಿಯ ದರ ಬದಲಿಸದೆ ಹಾಡನ್ನು ಇದ್ದಂತೆಯೇ ಹೊರಗೆ ಕಳುಹಿಸುವ ಆಯ್ಕೆಯನ್ನು ಒಮ್ಮೆ ಹೊಂದಿಸಿದರೆ ಸಾಕು.

ಕೇಬಲ್ಲಿನ ವಿಷಯದಲ್ಲಿ ನಾನು ಒಂದಕ್ಕೆ ಮಾತ್ರ ತಲೆಬಾಗುತ್ತೇನೆ, ಬೆಳಕಿನ ಕೇಬಲ್ಲಿಗೆ. ತೋಷಿಬಾ 1983ರಲ್ಲಿ ತಂದ ಈ ಪ್ಲಾಸ್ಟಿಕ್ ನಾರಿನಲ್ಲಿ ಲೋಹವಿಲ್ಲ. ಕಂಪ್ಯೂಟರಿನ ಮತ್ತು ಆಂಪ್ಲಿಫೈಯರಿನ ಅರ್ಥಿಂಗ್ ನಡುವಿನ ವ್ಯತ್ಯಾಸದಿಂದ ಹುಟ್ಟುವ 50 ಹರ್ಟ್ಸ್‌ನ ಗುಂಯ್ ಇದರಲ್ಲಿ ದಾಟುವುದಿಲ್ಲ. ಏಪ್ರಿಲ್, ಮೇ ತಿಂಗಳ ಗುಡುಗಿನ ಸಂಜೆಗಳಲ್ಲಿ ಒಂದು ಪೆಟ್ಟಿಗೆಗೆ ನುಗ್ಗಿದ ಮಿಂಚಿನ ಹೊಡೆತಕ್ಕೆ ಇನ್ನೊಂದಕ್ಕೆ ಹೋಗುವ ದಾರಿಯೂ ಇದರಲ್ಲಿ ಸಿಗುವುದಿಲ್ಲ. ಇದಕ್ಕೆ ಕಾರಣ ಹೇಳಬಹುದು, ಅದಕ್ಕೇ ಒಪ್ಪುತ್ತೇನೆ.

ಮಳೆಗಾಲದ ಬಗ್ಗೆಯೂ ಹೇಳಬೇಕು. ಜುಲೈಯಲ್ಲಿ ಚಪ್ಪಲಿಗೂ ಪುಸ್ತಕಕ್ಕೂ ಬೂಷ್ಟು ಹಿಡಿಯುವ ಊರಿದು. ಫ್ಯಾನ್ ಇರುವ ಯಂತ್ರ ಆ ತೇವವನ್ನು, ದೂಳನ್ನು, ಇರುವೆಗಳನ್ನು ದಿನವಿಡೀ ಒಳಗೆ ಎಳೆದುಕೊಳ್ಳುತ್ತದೆ. ಫ್ಯಾನಿಲ್ಲದ ಪೆಟ್ಟಿಗೆ ಯಾವುದನ್ನೂ ಎಳೆಯುವುದಿಲ್ಲ. ಗಾಳಿ ಹತ್ತು ಡಿಗ್ರಿ ಬಿಸಿಯಾದರೆ ಅದರ ಸಾಪೇಕ್ಷ ಆರ್ದ್ರತೆ ಸರಿಸುಮಾರು ಅರ್ಧಕ್ಕೆ ಇಳಿಯುತ್ತದೆ. ಆದ್ದರಿಂದ ಮಳೆಗಾಲದಲ್ಲಿ ನಾನು ಅದನ್ನು ಆರಿಸುವುದೇ ಇಲ್ಲ, ಬೆಚ್ಚಗೆ ಒಣಗಿಯೇ ಇರುತ್ತದೆ. ಹೆಂಚಿನ ಮೇಲೆ ಮಳೆ ಬಡಿಯುವಾಗ ತಂಬೂರಿ ಕೇಳಲು ಮಾತ್ರ ಯಾವ ಯಂತ್ರವೂ ಸಹಾಯ ಮಾಡದು.

ಎಲ್ಲ ಮುಗಿದ ಮೇಲೆ ಪರೀಕ್ಷಿಸುವುದು ಹೇಗೆ? ಮೊಬೈಲಿನ ಡೆಸಿಬಲ್ ಆ್ಯಪ್ ಇಷ್ಟು ಮೆಲ್ಲಗಿನ ಸದ್ದಿಗೆ ನಂಬಲರ್ಹವಲ್ಲ, ಅದರ ಮೈಕಿನ ಸ್ವಂತ ಗೊಣಗಾಟವೇ ಅದಕ್ಕಿಂತ ಜೋರು. ಹಾಗಾಗಿ ಮಾವನನ್ನು ರಾತ್ರಿ ಮನೆಗೆ ಕರೆದೆ. ಅವರು ಕಣ್ಣು ಮುಚ್ಚಿ ಕೂರಬೇಕು. ನಾಣ್ಯ ಚಿಮ್ಮಿ ಬಿದ್ದ ಮುಖದಂತೆ ನನ್ನ ತಂಗಿ ಪೆಟ್ಟಿಗೆಯನ್ನು ಹಚ್ಚಿಯೋ ಆರಿಸಿಯೋ ಇಡುತ್ತಾಳೆ. ಓಡುತ್ತಿದೆಯೇ, ನಿಂತಿದೆಯೇ ಎಂದು ಅವರು ಹೇಳಬೇಕು. ಹತ್ತು ಸಲ ಮಾಡಿದೆವು. ಐದು ಸರಿ, ಐದು ತಪ್ಪು. ಕಿವಿಗೆ ಏನೂ ಕೇಳಿಸದವರು ಊಹೆಯಿಂದ ಹೇಳಿದರೆ ಬರುವಷ್ಟೇ ಅಂಕ.

ಅವರು ಕಣ್ಣು ಬಿಟ್ಟು ತಂಗಿ ಬರೆದಿಟ್ಟ ಹಾಳೆಯನ್ನು ಎರಡು ಸಲ ಓದಿದರು. ಆಮೇಲೆ ತಂಬೂರಿ ಹಾಕಲು ಹೇಳಿ ಕೊನೆಯವರೆಗೂ ಮಾತಾಡದೆ ಕೇಳಿದರು. ಹೊರಡುವಾಗ ಅಂಗಳದಲ್ಲಿ ಟಾರ್ಚ್ ಹಚ್ಚಿಕೊಂಡು, "ಆ ನಾಣ್ಯ ತೆಗೆದಿಡು, ನಾಳೆ ನನ್ನ ಕೇಬಲ್ ತರುತ್ತೇನೆ" ಎಂದರು.