ಲಂಕೆ ಮುಳುಗಿದ್ದು ಗೊಬ್ಬರದ ಸಬ್ಸಿಡಿ ತೆಗೆದದ್ದಕ್ಕಾ?

ಪ್ರಶ್ನೆ: ಗೊಬ್ಬರದ ಸಬ್ಸಿಡಿ ನಿಲ್ಲಿಸಿದ್ದಕ್ಕೇ ಶ್ರೀಲಂಕಾ ದಿವಾಳಿ ಆಯಿತಂತೆ. ನಮ್ಮಲ್ಲೂ ತೆಗೆದರೆ ಗತಿ ಏನು?

ನಮ್ಮ ಕಾಸರಗೋಡಿನ ಪೆರ್ಲದ ಅಡಿಕೆ ಅಂಗಡಿಯಲ್ಲಿ, ಕೃಷಿಭವನದ ಜಗಲಿಯಲ್ಲಿ, ಮದುವೆ ಊಟದ ಪಂಕ್ತಿಯಲ್ಲಿ, ಎಲ್ಲ ಕಡೆ ಇದಕ್ಕೆ ಉತ್ತರ ಹೇಳಿ ಸಾಕಾಗಿದೆ. ಇನ್ನೊಮ್ಮೆ ಹೇಳುತ್ತೇನೆ, ದಯವಿಟ್ಟು ಕೊನೆವರೆಗೆ ಓದಿ.

ಲಂಕೆ ಆಗ ಸಬ್ಸಿಡಿ ತೆಗೆಯಲಿಲ್ಲ. ಗೊಬ್ಬರವನ್ನೇ ತೆಗೆಯಿತು. 2021ರ ಮೇ ತಿಂಗಳಲ್ಲಿ ರಾಸಾಯನಿಕ ಗೊಬ್ಬರದ ಆಮದು ನಿಷೇಧವಾಯಿತು. ವಿಷವಿಲ್ಲದ ಆಹಾರಕ್ಕಾಗಿ ಎಂದು ಸರ್ಕಾರ ಹೇಳಿತು. ಡಾಲರ್ ಉಳಿಸುವ ಅವಸರವೂ ಇತ್ತು.

ಎರಡೂ ಒಂದೇ ಅಲ್ವಾ ಅಂತ ಕೇಳುತ್ತಾರೆ. ಖಂಡಿತ ಅಲ್ಲ. ಸಬ್ಸಿಡಿ ಹೋದರೆ ಚೀಲದ ಬೆಲೆ ಏರುತ್ತದೆ. ಆಗ ನಾವು ಕೂತು ಲೆಕ್ಕ ಹಾಕುತ್ತೇವೆ. ಎರಡು ಚೀಲದ ಜಾಗದಲ್ಲಿ ಒಂದೂವರೆ ಸಾಕಾ? ಹಟ್ಟಿಗೊಬ್ಬರ ಜಾಸ್ತಿ ಮಾಡಬಹುದಾ? ಮಣ್ಣು ಪರೀಕ್ಷೆ ಮಾಡಿಸೋಣವಾ? ಕಷ್ಟ ಹೌದು, ದಾರಿಯೂ ಉಂಟು. ಆಮದೇ ನಿಂತರೆ ಯಾವ ಲೆಕ್ಕ ಹಾಕುವುದು? ಇಡೀ ದೇಶದ ಗದ್ದೆಗೆ ಬೇಕಾದ ಹಟ್ಟಿಗೊಬ್ಬರ ಒಂದೇ ಬೆಳೆಯ ಹೊತ್ತಿಗೆ ಎಲ್ಲಿಂದ ಬರಬೇಕು? ಭತ್ತದ ಇಳುವರಿ ಬಿತ್ತು, ಚಹಾದ್ದೂ ಬಿತ್ತು. ಅಕ್ಕಿಯಲ್ಲಿ ಹೆಚ್ಚುಕಡಿಮೆ ಸ್ವಂತ ಕಾಲಲ್ಲಿ ನಿಂತಿದ್ದ ದೇಶ ಹೊರಗಿನಿಂದ ಅಕ್ಕಿ ತರಿಸಿತು. ನವೆಂಬರಿನಲ್ಲಿ ನಿಷೇಧ ಸಡಿಲಿಸುವಷ್ಟರಲ್ಲಿ ಹೊತ್ತು ಮೀರಿತ್ತು.

ನಿಜವಾದ ಸುಧಾರಣೆಗೆ ಲಂಕೆ ಕೈಹಾಕಿದ್ದು 2016ರಲ್ಲಿ. 1962ರಲ್ಲಿ ಶುರುವಾದ ಗೊಬ್ಬರದ ಸಬ್ಸಿಡಿ ಬಿಟ್ಟು ರೈತರಿಗೆ ನಗದು ಕೊಟ್ಟಿತು. 2018ರಲ್ಲಿ ಮತ್ತೆ ಅಗ್ಗದ ಚೀಲ ಬಂತು. 2020ರಲ್ಲಿ ಭತ್ತಕ್ಕೆ ಪುಕ್ಕಟೆ ಗೊಬ್ಬರ! ಅದರ ಮರುವರ್ಷ ನಿಷೇಧ. ಇದನ್ನು ಸಬ್ಸಿಡಿ ತೆಗೆದ ಕಥೆ ಅನ್ನುವುದು ಹೇಗೆ?

ದಿವಾಳಿಗೆ ವಿದೇಶಿ ಸಾಲ, 2019ರ ತೆರಿಗೆ ಕಡಿತ, ಕೊರೊನಾಕ್ಕೆ ನಿಂತ ಪ್ರವಾಸೋದ್ಯಮ ಎಲ್ಲ ಸೇರಿತ್ತು.

ಲಂಕೆಯ ಮಾತು ಬಂದಾಗ ನನಗೆ ನಮ್ಮ ಅಡಿಕೆಯದೇ ಚಿಂತೆ. ಹೊರಗಿನ ಅಡಿಕೆಗೆ ಭಾರತದಲ್ಲಿ 100 ಶೇಕಡಾ ಸುಂಕ ಉಂಟು. ಲಂಕೆಯ ಜೊತೆ 1998ರಲ್ಲಿ ಸಹಿಯಾದ ಮುಕ್ತ ವ್ಯಾಪಾರ ಒಪ್ಪಂದದಿಂದ ಅಲ್ಲಿ ಬೆಳೆದದ್ದಕ್ಕೆ ರಿಯಾಯಿತಿ. ಹಾಗಾಗಿ ಇಂಡೋನೇಷ್ಯಾದ ಅಡಿಕೆಯೂ ಲಂಕೆಯ ಮೂಲಪತ್ರ (ಯಾವ ದೇಶದಲ್ಲಿ ಬೆಳೆದದ್ದು ಎಂಬ ಪ್ರಮಾಣಪತ್ರ) ಹಿಡಿದು ಬಂದು ಸಿಕ್ಕಿಬಿದ್ದದ್ದುಂಟು. 2023ರ ಫೆಬ್ರವರಿಯಲ್ಲಿ ಕನಿಷ್ಠ ಆಮದು ಬೆಲೆ, ಅಂದರೆ ಇದಕ್ಕಿಂತ ಕಡಿಮೆಗೆ ಹೊರಗಿನಿಂದ ತರಿಸುವಂತಿಲ್ಲ ಎಂಬ ಮಿತಿ, ಕಿಲೋಗೆ 251ರಿಂದ 351 ರೂಪಾಯಿಗೆ ಏರಿತು. ಒಳ್ಳೆಯದೇ. ಆದರೂ ಆ ಅಡಿಕೆ ಯಾವ ತೋಟದ್ದು ಅಂತ ಬಂದರಿನಲ್ಲಿ ಸರಿಯಾಗಿ ನೋಡಲೇಬೇಕು. ಸುಳ್ಳು ಮೂಲಪತ್ರ ದಾಟಿ ಬಂದರೆ ಬದಿಯಡ್ಕದ ಪೇಟೆಯಲ್ಲಿ ನಮ್ಮ ಚಾಲಿಯ (ಒಣಗಿಸಿ ಸುಲಿದ ಅಡಿಕೆಯ) ದರ ಇಳಿಯುತ್ತದೆ.