ಹೊಕ್ಕುಳ ಕಂಡ ಮೇಲೆ ನಾಲಿಗೆಯನ್ನೂ ನೋಡಬೇಕು

ಐದನೇ ತಿಂಗಳ ಸ್ಕ್ಯಾನ್‌ನಲ್ಲಿ ಕೆಲವೊಮ್ಮೆ ಮಗುವಿನ ಹೊಕ್ಕುಳಲ್ಲಿ ಚಿಕ್ಕದೊಂದು ಉಬ್ಬು ಕಾಣುತ್ತದೆ. ಕರುಳು ತೆಳು ಪೊರೆಯೊಳಗೆ ಹೊರಬಂದಿರುತ್ತದೆ. ಇದೇ ಆಂಫಾಲೋಸೀಲ್. ಸುಮಾರು 12 ವಾರದವರೆಗೆ ಕರುಳು ಹೊಕ್ಕುಳಬಳ್ಳಿಯೊಳಗೆ ಇರುವುದು ಸಹಜ. ಆಮೇಲೂ ಇದ್ದರೆ ಯೋಚಿಸಬೇಕು.

"ಆಪರೇಷನ್ ಮಾಡಿದ್ರೆ ಸರಿಹೋಗುತ್ತಾ ಡಾಕ್ಟ್ರೇ?" ಎಂದು ಹೆತ್ತವರು ಕೇಳುತ್ತಾರೆ. ಚಿಕ್ಕದಾಗಿದ್ದರೆ ಸಾಮಾನ್ಯವಾಗಿ ಸರಿಹೋಗುತ್ತದೆ. ಆದರೆ ಸ್ಕ್ಯಾನ್ ಅಲ್ಲಿಗೇ ಮುಗಿಯಬಾರದು. ನಾನು ಮಗುವಿನ ಮುಖವನ್ನು ಪಕ್ಕದಿಂದ ತುಂಬ ಹೊತ್ತು ನೋಡುತ್ತೇನೆ. ಹೊಟ್ಟೆಯಲ್ಲಿರುವ ಮಗು ನಾಲಿಗೆ ಚಾಚುವುದು, ಒಳಗೆಳೆದುಕೊಳ್ಳುವುದು ಮಾಮೂಲಿ. ನಾಲಿಗೆ ಒಳಗೆ ಹೋಗದೆ ತುಟಿ ದಾಟಿ ಅಲ್ಲೇ ನಿಂತಿದ್ದರೆ ಬೆಕ್‌ವಿತ್-ವೀಡೆಮನ್ ಸಿಂಡ್ರೋಮ್ (ಮಗು ಮಿತಿಮೀರಿ ಬೆಳೆಯುವ ಜೀನ್‌ ದೋಷ) ನೆನಪಾಗಬೇಕು. ಆಗ ಕಿಡ್ನಿ ದೊಡ್ಡದಿದೆಯಾ, ಗರ್ಭದ ನೀರು ಜಾಸ್ತಿ ಇದೆಯಾ, ಮಾಸು ದಪ್ಪಗಿದೆಯಾ ಎಂದೂ ನೋಡುತ್ತೇವೆ. ಮಗುವಿನ ತೂಕ ಹೆಚ್ಚುವುದು ಬಹುತೇಕ ಕೊನೆಯ ತಿಂಗಳುಗಳಲ್ಲಿ. ಬರೀ ತೂಕ ಜಾಸ್ತಿ ಇದ್ದರೆ ಮೊದಲು ತಾಯಿಯ ಶುಗರ್ ನೋಡಿ. ಅದೇ ಮಾಮೂಲಿ ಕಾರಣ.

ಸುಮಾರು 10,000 ಮಕ್ಕಳಲ್ಲಿ ಒಬ್ಬರಿಗೆ ಈ ಸಿಂಡ್ರೋಮ್ ಬರುತ್ತದೆ. 11ನೇ ಕ್ರೋಮೋಸೋಮ್‌ನ ಒಂದು ತುದಿಯಲ್ಲಿ ಬೆಳವಣಿಗೆಯ ಜೀನ್‌ಗಳಿವೆ. ಅವುಗಳಲ್ಲಿ ಕೆಲವು ತಂದೆಯಿಂದ ಬಂದ ಪ್ರತಿಯಲ್ಲಿ ಮಾತ್ರ ಕೆಲಸ ಮಾಡಬೇಕು, ಕೆಲವು ತಾಯಿಯದರಲ್ಲಿ. ಈ ಹೊಂದಾಣಿಕೆ ತಪ್ಪಿದಾಗ ಮಗು ಮಿತಿಮೀರಿ ಬೆಳೆಯುತ್ತದೆ. "ಯಾರ ಕಡೆಯಿಂದ ಬಂತು?" ಎಂದು ಮನೆಯಲ್ಲಿ ಸೊಸೆಯತ್ತ ಬೆರಳು ತೋರಿಸುವವರಿಗೆ ಒಂದು ಮಾತು: ಹೆಚ್ಚಿನ ಪ್ರಕರಣಗಳು ವಂಶದಿಂದ ಬಂದವಲ್ಲ.

ಗರ್ಭದ ನೀರು ತೆಗೆದು ಮಾಡುವ ಸಾಮಾನ್ಯ ಕ್ರೋಮೋಸೋಮ್ ಪರೀಕ್ಷೆಯಲ್ಲಿ ಇದು ಬಹುತೇಕ ಸಿಗುವುದಿಲ್ಲ. ಜೀನ್‌ ಕೆಲಸ ಮಾಡಬೇಕೋ ಬೇಡವೋ ಎಂದು ತಿಳಿಸುವ ರಾಸಾಯನಿಕ ಗುರುತುಗಳನ್ನು ನೋಡುವ ಮೀಥೈಲೇಷನ್ ಪರೀಕ್ಷೆಯನ್ನೇ ಕೇಳಬೇಕು. ಅದೂ ನಾರ್ಮಲ್ ಬಂದರೆ ಅನುಮಾನ ಪೂರ್ತಿ ಹೋಗುವುದಿಲ್ಲ. ಯಾಕೆಂದರೆ ದೋಷ ಮಗುವಿನ ಕೆಲವೇ ಜೀವಕೋಶಗಳಲ್ಲಿ ಇರಬಹುದು.

ಇಷ್ಟೆಲ್ಲ ಯಾಕೆ ಅಂದರೆ, ಹುಟ್ಟಿದ ಕೂಡಲೇ ಈ ಮಕ್ಕಳ ರಕ್ತದ ಸಕ್ಕರೆ ದಿಢೀರನೆ ಇಳಿಯಬಹುದು. ಗಮನಿಸದಿದ್ದರೆ ಮಿದುಳಿಗೆ ಪೆಟ್ಟು. ಮೊದಲೇ ಗೊತ್ತಿದ್ದರೆ ಎನ್‌ಐಸಿಯು (ನವಜಾತ ಶಿಶುಗಳ ತೀವ್ರ ನಿಗಾ ಘಟಕ) ಇರುವ ಕಡೆ ಹೆರಿಗೆ ಮಾಡಿಸಬಹುದು, ಮೊದಲ ಗಂಟೆಯಿಂದಲೇ ಸಕ್ಕರೆ ನೋಡುತ್ತಿರಬಹುದು. ದೊಡ್ಡ ನಾಲಿಗೆಯಿಂದ ಉಸಿರಾಟಕ್ಕೆ ಅಡ್ಡಿಯಾದರೆ ನೆರವಿಗೆ ಜನ ಇರುತ್ತಾರೆ. ಕಿಡ್ನಿ, ಲಿವರ್ ಗೆಡ್ಡೆಗಳ ಅಪಾಯ ಇರುವುದರಿಂದ ಬಹಳ ಮಕ್ಕಳಿಗೆ ಏಳು ವರ್ಷದ ತನಕ ಮೂರು ತಿಂಗಳಿಗೊಮ್ಮೆ ಹೊಟ್ಟೆಯ ಸ್ಕ್ಯಾನ್ ಬೇಕಾಗುತ್ತದೆ. ಬುದ್ಧಿ ಬೆಳವಣಿಗೆ ಸಾಮಾನ್ಯವಾಗಿ ಚೆನ್ನಾಗಿಯೇ ಇರುತ್ತದೆ. ಈ ಮಾತನ್ನು ನಾನು ಹೆತ್ತವರಿಗೆ ಎರಡು ಸಲ ಹೇಳುತ್ತೇನೆ. ಮೊದಲ ಸಲ ಗಾಬರಿಯಲ್ಲಿ ಕಿವಿಗೆ ಬಿದ್ದಿರುವುದಿಲ್ಲ.